ಸಂಡೂರಿನ ಸಮುದ್ರ

ಯಾರೋ ಬಾಗಿಲು ಬಡಿದರು. ಕರೆಗಂಟೆ ಇದ್ದೂ ಅದನ್ನು ಒತ್ತದೆ ಅಂಗೈಯಿಂದ ಹಲಗೆಯನ್ನೇ ಗುದ್ದುತ್ತಿದ್ದರು. ನಾಗವೇಣಿ ದೀಪ ಹಾಕಿ ಚಿಲಕ ತೆಗೆದಾಗ ಹೊರಗೆ ಇಮ್ತಿಯಾಜ್ ನಿಂತಿದ್ದ. ನಿಯಂತ್ರಣ ಕೊಠಡಿಯ ರಾತ್ರಿಪಾಳಿಯಲ್ಲಿ ಇರಬೇಕಾದವನು.

“ಮೇಡಂ, ಈಗಲೇ ಬರಬೇಕು.”

“ಏನಾಯ್ತಪ್ಪ?”

“ಸಮುದ್ರ ಕೆಂಪಗಾಗಿದೆ.”

ನಾಗವೇಣಿ ಶಾಲು ಹೊದ್ದು ಚಪ್ಪಲಿ ಮೆಟ್ಟಿದಳು. ಒಳಗಿನ ಕೋಣೆಯಿಂದ ಗಂಡ ತಿಪ್ಪೇಸ್ವಾಮಿಯ ನಿದ್ದೆಗಣ್ಣಿನ ದನಿ ಬಂತು: “ಯಾವ ಸಮುದ್ರಾನೇ? ಸಂಡೂರಿಂದ ಸಮುದ್ರಕ್ಕೆ ಮುನ್ನೂರು ಕಿಲೋಮೀಟರ್ ಆಗುತ್ತೆ.”

“ನೀವು ಸೀಲು ಹಾಕಿದ ಸಮುದ್ರ ರೀ,” ಎಂದಳು ನಾಗವೇಣಿ. ಮರುಕ್ಷಣವೇ ಒಳಗೆ ಮಂಚ ಕಿರುಗುಟ್ಟಿತು.

ಸಂಡೂರಿನ ಕೆಂಪು ಬೆಟ್ಟಗಳ ತಪ್ಪಲಿನಲ್ಲಿ ಭೂಕಾಲ ಕೇಂದ್ರ ತಲೆಯೆತ್ತಿ ಆರು ವರ್ಷಗಳಾಗಿದ್ದವು. ಅದರ ಹುಟ್ಟಿಗೆ ಕಾರಣ ಒಂದು ಹನಿ ನೀರು. ಆಳದ ಕೊರೆತದಲ್ಲಿ ಮೇಲೆ ಬಂದ ಉರುಳೆಗಲ್ಲೊಂದರಲ್ಲಿ, ಬೆಣಚುಕಲ್ಲಿನ ಹರಳಿನೊಳಗೆ, ಇನ್ನೂರ ಎಪ್ಪತ್ತು ಕೋಟಿ ವರ್ಷಗಳಿಂದ ಸಿಕ್ಕಿಬಿದ್ದಿದ್ದ ಗುಳ್ಳೆಯೊಂದಿತ್ತು. ಗುಳ್ಳೆಯಲ್ಲಿ ಹನಿ ನೀರು, ನೀರಿನಲ್ಲಿ ಒಣಗಿ ಮಲಗಿದ್ದ ಜೀವಾಣುಗಳು. ಅವು ಸತ್ತಿರಲಿಲ್ಲ. ಬೆಚ್ಚಗೆ ಇಟ್ಟು, ಅವುಗಳ ಕಾಲದ ಗಾಳಿಯನ್ನೇ ಕೊಟ್ಟಾಗ ಎಚ್ಚರಗೊಂಡವು, ಉಂಡವು, ಮೀಥೇನ್ ಅನಿಲವನ್ನು ತೇಗಿದವು. ಕೇಂದ್ರದಲ್ಲಿ ಎಲ್ಲರೂ ಅವನ್ನು ಅಜ್ಜಿಯರು ಎಂದೇ ಕರೆಯುತ್ತಿದ್ದರು.

ಅಜ್ಜಿಯರಿಗೆ ಒಂದೇ ಒಂದು ಪಥ್ಯವಿತ್ತು: ಆಮ್ಲಜನಕ ಸೋಕಬಾರದು. ಅವರ ಕಾಲದ ಭೂಮಿಯ ಗಾಳಿಯಲ್ಲಿ ಅದು ಇರಲೇ ಇಲ್ಲ. ನಮಗೆ ಪ್ರಾಣವಾದದ್ದು ಅವರಿಗೆ ಅಪ್ಪಟ ವಿಷ. ಆದ್ದರಿಂದ ಅವರಿಗೆಂದೇ ಎರಡು ಮಹಡಿ ಎತ್ತರದ ಗಾಜಿನ ಯುಗಗೋಳವನ್ನು ಕಟ್ಟಿದರು. ಅದರಲ್ಲಿ ಮೊಣಕಾಲುದ್ದದ ಸಮುದ್ರ, ತಳದಲ್ಲಿ ಬೂದು ಕೆಸರು, ದಡಕ್ಕೊಂದು ಬಂಡೆ. ನೀರಿನಲ್ಲಿ ಕರಗಿದ ಕಬ್ಬಿಣದಿಂದಾಗಿ ಸಮುದ್ರ ತಿಳಿಹಸಿರು. ಮೀಥೇನಿನ ಮಬ್ಬಿನಿಂದಾಗಿ ಆಕಾಶ ಕಿತ್ತಳೆ ಬಣ್ಣ. ಆ ಕಾಲದ ಸೂರ್ಯ ಮಂಕಾಗಿದ್ದನೆಂದು ದೀಪವನ್ನೂ ಮಂಕಾಗಿಸಿದ್ದರು. ಆಗ ಭೂಮಿ ಇಂದಿಗಿಂತ ವೇಗವಾಗಿ ಬುಗುರಿಯಂತೆ ಸುತ್ತುತ್ತಿತ್ತಾದ್ದರಿಂದ ಗೋಳದ ಒಂದು ದಿನಕ್ಕೆ ಹದಿನೆಂಟೇ ಗಂಟೆ. ಸಂಡೂರಿನಲ್ಲಿ ಬೆಳಗಾದಾಗ ಗೋಳದಲ್ಲಿ ಒಮ್ಮೆ ನಡುಮಧ್ಯಾಹ್ನ, ಇನ್ನೊಮ್ಮೆ ಕಡುಗತ್ತಲು.

ಗೋಳಕ್ಕೆ ಹೋಗುವ ಓಣಿಯ ಗೋಡೆಗೆ ನಲವತ್ತಾರು ಮೀಟರ್ ಉದ್ದದ ಹಗ್ಗವೊಂದನ್ನು ಬಿಗಿದಿದ್ದರು. ಅದೇ ಭೂಮಿಯ ಆಯಸ್ಸು. ಮೀಟರಿಗೆ ಹತ್ತು ಕೋಟಿ ವರ್ಷ. ಮೀನು, ಕಾಡು, ಡೈನೋಸಾರ್, ಆನೆ, ಎಲ್ಲವೂ ಇಂದಿನ ಕಾಲದ ಈ ತುದಿಯ ಐದಾರು ಮೀಟರುಗಳಲ್ಲೇ ಮುಗಿದುಹೋಗುತ್ತಿದ್ದವು. ಮನುಷ್ಯಜಾತಿಯ ಪಾಲು ಕೊನೆಯ ಮೂರು ಮಿಲಿಮೀಟರ್. “ಅಷ್ಟರಲ್ಲೇ ಎಷ್ಟು ಜಗಳ ಆಡ್ತೀವಿ ನೋಡಿ,” ಎಂದು ತಿಪ್ಪೇಸ್ವಾಮಿ ಬಂದವರಿಗೆಲ್ಲ ಹೇಳುತ್ತಿದ್ದ.

ಆ ರಾತ್ರಿ ಮೂವರೂ ಆ ಹಗ್ಗದ ಪಕ್ಕದಲ್ಲೇ ಓಡಿದರು. ನಾಗವೇಣಿ ಗಾಜಿಗೆ ಮುಖವೊತ್ತಿ ನೋಡಿದಳು. ತಿಳಿಹಸಿರು ಎಲ್ಲಿಯೂ ಇರಲಿಲ್ಲ. ಸಮುದ್ರದ ತುಂಬ ಕೆಂಪುಧೂಳು ನಿಧಾನವಾಗಿ ತಳಕ್ಕೆ ಇಳಿಯುತ್ತಿತ್ತು.

“ಇದು ತುಕ್ಕು,” ಎಂದಳು. “ಒಳಗೆ ಆಮ್ಲಜನಕ ಇದೆ.”

“ಅಳತೆಮಾಪಕ ನಿನ್ನೆಯವರೆಗೂ ಹೆಚ್ಚುಕಮ್ಮಿ ಸೊನ್ನೆ ತೋರಿಸ್ತಿತ್ತಲ್ಲ ಮೇಡಂ,” ಎಂದ ಇಮ್ತಿಯಾಜ್.

“ತೋರಿಸುತ್ತೆ. ಬಂದದ್ದನ್ನೆಲ್ಲ ನೀರಿನ ಕಬ್ಬಿಣ ನುಂಗ್ತಾ ಇತ್ತು. ಈಗ ಕಬ್ಬಿಣ ಮುಗಿದಿದೆ. ಇನ್ನು ಬಂದದ್ದೆಲ್ಲ ಗಾಳಿಗೇ.”

ತಿಪ್ಪೇಸ್ವಾಮಿ ಗೋಳದ ಸೊಂಟದ ಸುತ್ತ ತಾನೇ ಕೂಡಿಸಿದ್ದ ಸೀಲಿನ ಮೇಲೆ ಬೆರಳಾಡಿಸುತ್ತ, ಮಗುವಿನ ಜ್ವರ ನೋಡುವವನಂತೆ ನಿಂತಿದ್ದ.

ಬೆಳಿಗ್ಗೆ ನಿರ್ದೇಶಕ ಡಾ. ಗುರುಪಾದ ಮುದೇನೂರರ ಕೊಠಡಿಗೆ ಕರೆ ಬಂತು. ಮುದೇನೂರರು ಮೂವತ್ತು ವರ್ಷ ಬೆಟ್ಟಗುಡ್ಡ ಅಲೆದ ಭೂವಿಜ್ಞಾನಿ. ಸಿಟ್ಟು ಬಂದಾಗ ಅವರ ಕೈ ತಾನಾಗಿ ಕಲ್ಲನ್ನು ಹುಡುಕುತ್ತಿತ್ತು. ಈಗಲೂ ಮೇಜಿನ ಲೋಟದಲ್ಲಿ ಕರವಸ್ತ್ರದ ತುದಿಯನ್ನು ಅದ್ದಿ, ಕಾಗದದ ಮೇಲಿದ್ದ ಕಲ್ಲನ್ನು ಒರೆಸುತ್ತಿದ್ದರು. ಒಣಗಿದ್ದಾಗ ಬೂದಿಯ ಮುದ್ದೆಯಂತಿದ್ದ ಕಲ್ಲಿನಲ್ಲಿ ತೇವ ತಾಗಿದೊಡನೆ ಕೆಂಪು ಕಪ್ಪು ಪಟ್ಟೆಗಳು ಹೊಳೆದವು.

“ನೋಡಮ್ಮ ನಾಗವೇಣಿ, ಲೆಕ್ಕ ಸುಲಭ. ಒಳಗೆ ಆಮ್ಲಜನಕ ಇರಲಿಲ್ಲ. ಈಗ ಇದೆ. ಹೊರಗಿನದೇ ಒಳಗೆ ಬಂದಿರಬೇಕು. ಹೊರಗೂ ಒಳಗೂ ನಡುವೆ ಇರೋದು ನಿಮ್ಮ ಯಜಮಾನರ ಸೀಲು ಒಂದೇ.”

“ಸೀಲು ಸೋರಿದ್ದರೆ ಸಾರಜನಕದ ಅಳತೆಯೂ ಬದಲಾಗಬೇಕಿತ್ತು ಸರ್.”

“ಆಗಿಲ್ಲ ಅಂತ ಆಣೆ ಮಾಡ್ತೀಯಾ?”

ಮಾಡಲು ಆಗುತ್ತಿರಲಿಲ್ಲ. ಮೊದಲೇ ತುಂಬಿದ್ದ ಸಾರಜನಕದಲ್ಲಿ ಅಷ್ಟು ಸಣ್ಣ ಏರುಪೇರು ಕಾಣುತ್ತಿರಲಿಲ್ಲ.

“ಸೋಮವಾರ ಲೋಬೋ ಮೇಡಂ ತಪಾಸಣೆಗೆ ಬರ್ತಾರೆ,” ಎಂದರು ಮುದೇನೂರರು. “ಆಕೆ ಕಾಲಿಟ್ಟ ಪ್ರಯೋಗಾಲಯಗಳಲ್ಲಿ ಅರ್ಧಕ್ಕೆ ಬೀಗ ಬಿದ್ದಿದೆ. ಯಾರ ತಪ್ಪು ಅಂತ ಹೆಸರು ಕೇಳ್ತಾರೆ. ಹೆಸರು ಸಿಕ್ಕಿದರೆ ಆ ಮನುಷ್ಯನನ್ನ ತೆಗೀತಾರೆ, ಸಿಗದಿದ್ದರೆ ಕೇಂದ್ರವನ್ನೇ ಮುಚ್ತಾರೆ. ತಿಪ್ಪೇಸ್ವಾಮಿ ನನಗೂ ಬೇಕಾದವನೇ. ಆದರೆ ಬೇರೆ ಹೆಸರು ಇದೆಯಾ ನಿನ್ನ ಹತ್ತಿರ?”

ಮನೆಯಲ್ಲಿ ಕುಕ್ಕರ್ ಒಲೆಯ ಮೇಲಿತ್ತು. ಸೀಟಿ ಕೂಗುವ ಬದಲು ಅದು ಮುಚ್ಚಳದ ಅಂಚಿನಿಂದ ಬುಸುಗುಟ್ಟುತ್ತ, ಬೇಳೆಯ ನೊರೆಯನ್ನು ಗೋಡೆಗೆ ಹಾರಿಸುತ್ತಿತ್ತು.

“ಈ ಗ್ಯಾಸ್ಕೆಟ್ ಬದಲಾಯಿಸಿ ಅಂತ ಯುಗಾದಿಯಿಂದ ಹೇಳ್ತಿದೀನಿ,” ಎಂದಳು ನಾಗವೇಣಿ. “ಈಗ ಶ್ರಾವಣ. ಇದನ್ನ ಮುದೇನೂರ್ ಸರ್ ನೋಡಿದರೆ ಸಾಕ್ಷಿಯೇ ಬೇಡ ಅಂತಾರೆ.”

“ಕುಕ್ಕರಿಗೆ ಹಾಕಿರೋದು ಸಂತೆಯ ರಬ್ಬರು. ಗೋಳಕ್ಕೆ ಹಾಕಿರೋದು ನಾನು.” ತಿಪ್ಪೇಸ್ವಾಮಿ ನಗಿಸಲು ನೋಡಿದ, ನಗು ಅರ್ಧಕ್ಕೇ ನಿಂತಿತು. ತಟ್ಟೆಯಲ್ಲಿ ಅನ್ನ ಕಲಸುತ್ತ ಕುಳಿತ. “ದಾವಣಗೆರೆಯಲ್ಲಿ ಮಿಲ್ಲಿನ ಬಾಯ್ಲರು ಮಾಡ್ತಿದ್ದವನು ನಾನು, ವೇಣಿ. ಭೂಮಿ ಹುಟ್ಟಿದ ಕಾಲಕ್ಕೆ ಮುಚ್ಚಳ ಹಾಕೋ ಕೆಲಸ ನನಗೆ ಬರುತ್ತೆ ಅಂತ ಯಾರೂ ಅಂದ್ಕೊಂಡಿರಲಿಲ್ಲ. ಸೋರಿದ್ದರೆ ನಾನೇ ಹೆಸರು ಕೊಡ್ತೀನಿ. ಸೋರದೇ ಇದ್ದು ಹೆಸರು ಬಂದರೆ...”

ನಾಗವೇಣಿ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಅವಳ ಮನಸ್ಸಿನಲ್ಲಿ ಎರಡು ಭಯಗಳು ಜೊತೆಯಾಗಿ ಕುಳಿತಿದ್ದವು: ಎದುರಿಗಿದ್ದ ಗಂಡನ ಮಾನ, ಗಾಜಿನೊಳಗಿನ ಅಜ್ಜಿಯರ ಪ್ರಾಣ.

ಮರುದಿನ ತಿಪ್ಪೇಸ್ವಾಮಿ ಏಣಿ ಹತ್ತಿದ. ಸೀಲಿನ ಪ್ರತಿ ಗೇಣನ್ನೂ ಪರೀಕ್ಷಿಸಬೇಕಿತ್ತು. ನೆತ್ತಿಯ ಸೀಲು ದೀಪದ ಪಕ್ಕದಲ್ಲೇ ಇದ್ದುದರಿಂದ, ಕೈ ಸುಟ್ಟುಕೊಳ್ಳಬಾರದೆಂದು ಗೋಳದ ಸೂರ್ಯನನ್ನು ಆರಿಸಿದರು. ಒಳಗೆ ಕತ್ತಲು ಕವಿಯಿತು. ತಿಪ್ಪೇಸ್ವಾಮಿ ಸಾಬೂನು ನೀರು ಬಳಿದು, ಗುಳ್ಳೆ ಏಳುವುದನ್ನೇ ಕಾಯುತ್ತ ಸಂಜೆಯವರೆಗೂ ನೇತಾಡಿದ. ನಾಗವೇಣಿ ನಿಯಂತ್ರಣ ಕೊಠಡಿಯಲ್ಲಿ ಪರದೆಯ ಮುಂದೆ ಕುಳಿತಿದ್ದಳು. ಏರುತ್ತಲೇ ಇದ್ದ ಆಮ್ಲಜನಕದ ಗೆರೆ ಮಧ್ಯಾಹ್ನದ ಹೊತ್ತಿಗೆ ನಿಂತಿತ್ತು. ಸಂಜೆಗೆ ಎಳೆಯಷ್ಟು ಇಳಿದೂ ಇತ್ತು.

“ನಿಂತಿತು ರೀ,” ಎಂದು ಧ್ವನಿವರ್ಧಕದಲ್ಲಿ ಹೇಳಿದಳು.

ತಿಪ್ಪೇಸ್ವಾಮಿ ಏಣಿಯಿಂದ ಇಳಿದು ಬಂದ ಠೀವಿಯೇ ಬೇರೆ. ಮೀಸೆಯ ಮೇಲೆ ಸಾಬೂನಿನ ನೊರೆ. “ಪೂರ್ವದ ಕಡೆ ಎರಡು ಬೋಲ್ಟು ಒಂದು ಸುತ್ತು ಬಿಗಿ ಮಾಡಿದೆ. ಅಷ್ಟೇ. ಇಮ್ತಿಯಾಜ್, ಚಾ ತರಿಸು, ನನ್ನ ಲೆಕ್ಕದಲ್ಲಿ.”

“ಆ ಬೋಲ್ಟು ಬಿಗಿ ಮಾಡಿದ್ದು ಯಾವಾಗ?”

“ಈಗ, ಇಳಿಯೋ ಮುಂಚೆ.”

“ಗೆರೆ ನಿಂತಿದ್ದು ಮಧ್ಯಾಹ್ನ.”

“ನಾನು ಏಣಿ ಹತ್ತಿದ್ದು ನೋಡೇ ಹೆದರಿ ನಿಂತಿರಬೇಕು,” ಎಂದು ತಿಪ್ಪೇಸ್ವಾಮಿ ಚಹಾದ ಲೋಟ ಕೈಗೆತ್ತಿಕೊಂಡ. ಇಮ್ತಿಯಾಜ್ ನಗುತ್ತ ಗೋಳದ ಸೂರ್ಯನನ್ನು ಮತ್ತೆ ಹೊತ್ತಿಸಿದ. ಚಹಾ ಮುಗಿಯುವಷ್ಟರಲ್ಲಿ ಪರದೆಯ ಗೆರೆ ತಲೆಯೆತ್ತಿತು. ತಿಪ್ಪೇಸ್ವಾಮಿಯ ಮೀಸೆ ಇಳಿಯಿತು.

ಆದರೆ ನಾಗವೇಣಿಯ ಬೆನ್ನು ನೆಟ್ಟಗಾಯಿತು.

“ಇಮ್ತಿಯಾಜ್, ಹಿಂದಿನ ದಿನಗಳ ಗೆರೆಯಲ್ಲಿ ಒಂದೊಂದು ಚುಕ್ಕೆ ಅಂದರೆ ಏನು?”

“ಒಂದು ದಿನದ ಸರಾಸರಿ ಮೇಡಂ.”

“ಯಾರ ದಿನ?”

ಇಮ್ತಿಯಾಜ್‌ಗೆ ಪ್ರಶ್ನೆ ಅರ್ಥವಾಗಲಿಲ್ಲ. “ನಮ್ಮ ದಿನ. ಇಪ್ಪತ್ತನಾಲ್ಕು ಗಂಟೆ.”

“ಗೋಳಕ್ಕೆ ನಮ್ಮ ದಿನ ಯಾಕೆ ಹಾಕಿದೆವು? ಅವರ ದಿನ ಹದಿನೆಂಟು ಗಂಟೆಯದಲ್ಲವಾ? ಸರಾಸರಿ ತೆಗೆದುಹಾಕು. ಅಳತೆಗಳನ್ನ ಇದ್ದಹಾಗೇ ಹಾಕಿ, ಗೋಳದ ಹಗಲಿಗೆ ಬಿಳಿ, ಗೋಳದ ರಾತ್ರಿಗೆ ಕಪ್ಪು ಬಳಿ.”

ಅವನ ಬೆರಳುಗಳು ಕೀಲಿಮಣೆಯ ಮೇಲೆ ಓಡಿದವು. ನೇರ ಏರಿನಂತೆ ಕಾಣುತ್ತಿದ್ದ ಗೆರೆ ಒಮ್ಮೆ ನಡುಗಿ ಮೆಟ್ಟಿಲುಗಳಾಗಿ ಬಿಚ್ಚಿಕೊಂಡಿತು. ಪ್ರತಿಯೊಂದು ಬಿಳಿ ಪಟ್ಟಿಯಲ್ಲೂ ಏರು, ಪ್ರತಿಯೊಂದು ಕಪ್ಪು ಪಟ್ಟಿಯಲ್ಲೂ ಸಮ. ಒಂದೂ ತಪ್ಪಿರಲಿಲ್ಲ.

“ಸೋರುವ ಸೀಲಿಗೆ ಹಗಲು ರಾತ್ರಿ ಗೊತ್ತಿರುತ್ತಾ ರೀ?” ಎಂದಳು ನಾಗವೇಣಿ.

ತಿಪ್ಪೇಸ್ವಾಮಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. “ಇಲ್ಲ. ನನಗೆ ಗೊತ್ತಿರೋ ಯಾವ ಸೀಲಿಗೂ ಇಲ್ಲ.”

“ಹಾಗಾದರೆ ಆಮ್ಲಜನಕ ಹೊರಗಿಂದ ಬರ್ತಿಲ್ಲ. ಒಳಗೇ ಯಾರೋ ಮಾಡ್ತಿದಾರೆ. ಬೆಳಕಿದ್ದಾಗ ಕೆಲಸ, ಕತ್ತಲಾದಾಗ ರಜೆ.”

“ಗೋಳದೊಳಗೆ ಅಜ್ಜಿಯರನ್ನ ಬಿಟ್ಟು ಯಾರೂ ಇಲ್ಲವಲ್ಲೇ.”

“ಅದೇ ಈಗಿನ ಪ್ರಶ್ನೆ.”

ಭಾನುವಾರ ಇಡೀ ಕೇಂದ್ರಕ್ಕೆ ರಜೆ. ಗಂಡ ಹೆಂಡತಿ ಇಬ್ಬರೇ ಗೋಳದ ಮುಂದೆ ಕುಳಿತಿದ್ದರು. ಗಾಜಿಗೆ ಅಂಟಿಸಿದ್ದ ಉದ್ದ ಕೈಗವಸುಗಳೊಳಗೆ ತೋಳು ತೂರಿಸಿ, ದಡದ ಬಂಡೆಯನ್ನು ನಾಗವೇಣಿ ಸಣ್ಣ ಚಮಚದಿಂದ ಕೆರೆದಳು. ತಿಪ್ಪೇಸ್ವಾಮಿಯ ಕಣ್ಣು ಮಾತ್ರ ನೀರಿನ ತಳದಲ್ಲಿತ್ತು. ಬದುಕಿನುದ್ದಕ್ಕೂ ಗುಳ್ಳೆ ಹುಡುಕಿದವನಿಗೆ ಬೇರೇನೂ ಕಾಣುವುದಿಲ್ಲ.

“ವೇಣಿ, ಅಲ್ಲಿ ನೋಡು. ಕೆಸರಿನಿಂದ ಗುಳ್ಳೆ ಏಳ್ತಿದೆ. ತಳದಲ್ಲೂ ಒಂದು ಸೀಲಿದೆ. ಅದೇ ಏನಾದರೂ...”

ನಾಗವೇಣಿ ಒಂದು ಗುಳ್ಳೆಯನ್ನು ಹಿಡಿದು ಅಳತೆಗೆ ಕೊಟ್ಟಳು. ಉತ್ತರ ಬಂದಾಗ ಎದ್ದುನಿಂತಳು, ಮತ್ತೆ ಕುಳಿತಳು, ಆಮೇಲೆ ಕೈಗವಸು ಕಳಚಿ ಗಂಡನ ತೋಳು ಹಿಡಿದಳು.

“ಮೀಥೇನ್ ರೀ. ಅಜ್ಜಿಯರ ತೇಗು. ಸತ್ತಿಲ್ಲ ಅವರು. ಮೇಲೆ ವಿಷ ಬಂತು ಅಂತ ಕೆಸರಿನೊಳಗೆ ಸೇರಿಕೊಂಡಿದಾರೆ. ಅಲ್ಲಿಗೆ ಆಮ್ಲಜನಕ ಇಳಿಯೋದಿಲ್ಲ.”

“ಜಾಣೆಯರು,” ಎಂದ ತಿಪ್ಪೇಸ್ವಾಮಿ. ಅವನು ಎಷ್ಟೋ ದಿನಗಳ ಮೇಲೆ ಮನಸಾರೆ ನಗುತ್ತಿದ್ದ.

ಬಂಡೆಯಿಂದ ಕೆರೆದದ್ದನ್ನು ಆಕೆ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಮಣಿ ಪೋಣಿಸಿದಂಥ ದಾರಗಳು, ಒಂದರ ಮೇಲೊಂದು ಹೊಸೆದುಕೊಂಡು, ದೀಪದ ಬೆಳಕಿಗೆ ಹಿತವಾಗಿ ಮೈಯೊಡ್ಡಿ ಮಲಗಿದ್ದವು. ಶಾಲೆಯ ಪುಸ್ತಕದಲ್ಲಿ ನೋಡಿದ ಮುಖ. ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ.

“ಯಾರು ಅದು?” ಎಂದ ತಿಪ್ಪೇಸ್ವಾಮಿ, ಅವಳ ಭುಜದ ಮೇಲಿಂದ ಬಗ್ಗುತ್ತ.

“ಹಳೆಯ ಅಪರಾಧಿ. ಆದರೆ ಆ ಬಂಡೆಯನ್ನ ಒಲೆಯಲ್ಲಿ ಕಾಯಿಸಿ, ಒಂದು ಜೀವವೂ ಉಳಿಯದಂತೆ ಮಾಡಿಯೇ ಒಳಗಿಟ್ಟಿದ್ದೆವು. ಕೈಯಾರೆ ಒಳಗೆ ಬಿಟ್ಟವರು ಯಾರು ಅಂತ ಗೊತ್ತಾಗದೆ ನಾನು ಹೆಸರು ಹೇಳಿದರೆ, ಗಂಡನನ್ನ ಉಳಿಸೋಕೆ ಕಥೆ ಕಟ್ಟಿದಾಳೆ ಅಂತಾರೆ.”

ಆ ಸಂಜೆ ಮನೆಗೆ ಬರುವ ದಾರಿಯಲ್ಲಿ ತಿಪ್ಪೇಸ್ವಾಮಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಕುಕ್ಕರಿನ ಗ್ಯಾಸ್ಕೆಟ್ ಕೊಂಡ. ಕೆಲಸ ಹೋದರೂ ಮನೆಯಲ್ಲಿ ಬೇಳೆಯಾದರೂ ಬೇಯಲಿ ಎಂದ.

ಸೋಮವಾರ ಬಂದ ಸಿಂಥಿಯಾ ಲೋಬೋ ಸಣ್ಣಗಿನ, ನರೆಗೂದಲಿನ ಹೆಂಗಸು. ಮಂಗಳೂರಿನ ಕಡೆಯ ಅಚ್ಚುಕಟ್ಟಾದ ಕನ್ನಡ. “ನನಗೆ ವಿವರಣೆ ಬೇಡ, ಹೆಸರು ಸಾಕು,” ಎಂದು ಕಾರಿನಿಂದ ಇಳಿಯುತ್ತಲೇ ಹೇಳಿದರು. ಮುದೇನೂರರು ತುಸು ಕಾಲ ಗಳಿಸಲೆಂದು ಮೊದಲು ಅವರನ್ನು ಉರುಳೆಗಲ್ಲುಗಳ ಉಗ್ರಾಣಕ್ಕೆ ಕರೆದೊಯ್ದರು. ನಾಗವೇಣಿ, ತಿಪ್ಪೇಸ್ವಾಮಿ, ಇಮ್ತಿಯಾಜ್ ಹಿಂದೆ ನಡೆದರು. ಭೂಮಿಯ ಹೊಟ್ಟೆಯಿಂದ ಕೊರೆದು ತೆಗೆದ ಕಲ್ಲಿನ ಉರುಳೆಗಳು ಕಪಾಟುಗಳಲ್ಲಿ ಸಾಲಾಗಿ ಮಲಗಿದ್ದವು. ಬಾಗಿಲ ಬಳಿ ಬಿಸಿಲಿನಲ್ಲಿ ನೀರು ತುಂಬಿದ ಕಲ್ಲಿನ ದೋಣಿ, ದನ ನೀರು ಕುಡಿಯುವ ತೊಟ್ಟಿಯಂಥದ್ದು.

“ಎಲ್ಲಾ ಒಂದೇ ತರಹ ಬೂದಿ ಬಣ್ಣ,” ಎಂದರು ಲೋಬೋ. “ಇದರಲ್ಲಿ ನೀವು ಏನನ್ನು ಓದುತ್ತೀರಿ?”

ಮುದೇನೂರರ ಮುಖ ಅರಳಿತು. ಸಿಟ್ಟು, ತಪಾಸಣೆ ಎರಡೂ ಮರೆತುಹೋದವು. “ಒಣಕಲ್ಲು ಬಾಯಿ ಬಿಡೋದಿಲ್ಲ ಮೇಡಂ. ತೇವ ಮಾಡಬೇಕು. ನೋಡಿ ಈಗ.” ಜೇಬಿನಿಂದ ಕರವಸ್ತ್ರ ಎಳೆದು, ದೋಣಿಯ ನೀರಿನಲ್ಲಿ ಅದ್ದಿ, ಒಂದು ಉರುಳೆಯನ್ನು ಉದ್ದಕ್ಕೂ ಒರೆಸಿದರು. ಕೆಂಪು, ಕಪ್ಪು, ಕೆಂಪು. ಪಟ್ಟೆಗಳು ಸೀರೆಯ ಅಂಚಿನಂತೆ ಎದ್ದುಬಂದವು. ಲೋಬೋ ತಮಗರಿವಿಲ್ಲದೆ “ಆಹಾ” ಎಂದರು.

ನಾಗವೇಣಿ ಪಟ್ಟೆಗಳನ್ನು ನೋಡಲಿಲ್ಲ. ಅವಳ ಕಣ್ಣು ಕರವಸ್ತ್ರದ ಮೇಲಿತ್ತು. ಬಿಳಿಯ ಬಟ್ಟೆಯ ತುದಿಗೆ ಹಸಿರು ಮೆತ್ತಿಕೊಂಡಿತ್ತು. ದೋಣಿಯ ಒಳಗೋಡೆಯೂ ಅದೇ ಹಸಿರು.

“ಇಮ್ತಿಯಾಜ್,” ಎಂದಳು ಮೆಲ್ಲಗೆ, “ಗೋಳ ಮುಚ್ಚಿದ ದಿನ ಎಲ್ಲರೂ ನಿಂತು ಫೋಟೋ ತೆಗೆಸಿಕೊಂಡೆವಲ್ಲ. ದಡದ ಬಂಡೆ ಮಂಕಾಗಿ ಕಾಣುತ್ತೆ ಅಂದವರು ಯಾರು?”

ಇಮ್ತಿಯಾಜ್‌ನ ಕಣ್ಣು ದೊಡ್ಡದಾಯಿತು. “ಫೋಟೋದವನು ಅಂದ. ಆಮೇಲೆ ಸರ್ ಒಳಗೆ ಹೋಗಿ...”

“ಈ ದೋಣಿಯ ನೀರಲ್ಲಿ ಕರವಸ್ತ್ರ ಅದ್ದಿ ಒರೆಸಿದರು,” ಎಂದ ತಿಪ್ಪೇಸ್ವಾಮಿ. “ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆಮೇಲೆ ನಾನು ಸೀಲು ಹಾಕಿದೆ.”

ಮೂವರೂ ಮಾತು ನಿಲ್ಲಿಸಿದಾಗ ಉಗ್ರಾಣದಲ್ಲಿ ಎಲ್ಲರಿಗೂ ಕೇಳಿಸಿತ್ತೆಂದು ತಿಳಿಯಿತು. ಮುದೇನೂರರು ತಮ್ಮ ಕೈಯಲ್ಲಿದ್ದ ಕರವಸ್ತ್ರವನ್ನು ನೋಡಿದರು, ದೋಣಿಯನ್ನು ನೋಡಿದರು. ಮೂವತ್ತು ವರ್ಷ ಕಲ್ಲು ಒರೆಸಿದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಸದ್ದಿಲ್ಲದೆ ಜೇಬಿಗಿಳಿಸಿದರು.

“ತಿಪ್ಪೇಸ್ವಾಮಿ,” ಎಂದರು ಕೊನೆಗೆ, “ನಿನ್ನ ಸೀಲಿನ ಮೇಲೆ ನಾನು ಸುಮ್ಮನೆ ಮಾತಾಡಿದೆ ಕಣಯ್ಯ.”

“ಇರಲಿ ಸಾರ್. ಮನೆಯ ಕುಕ್ಕರು ನೋಡಿದ್ದರೆ ಇನ್ನೂ ಮಾತಾಡ್ತಿದ್ದಿರಿ.”

ಲೋಬೋ ಕನ್ನಡಕ ಸರಿಪಡಿಸಿಕೊಂಡರು. “ಅಂದರೆ ನಾನು ಬರೆದುಕೊಳ್ಳಬೇಕಾದ ಹೆಸರು ನಿರ್ದೇಶಕರದ್ದೇ?”

“ಅಲ್ಲ ಮೇಡಂ,” ಎಂದಳು ನಾಗವೇಣಿ. “ಸರ್ ಬರೀ ವಾಹನ. ಅಪರಾಧಿ ಬೇರೆ. ದಯವಿಟ್ಟು ಗೋಳದ ಹತ್ತಿರ ಬನ್ನಿ.”

ಹಗ್ಗದ ಓಣಿಯಲ್ಲಿ ಇಂದಿನ ತುದಿಯಿಂದ ಎಣಿಸಿದರೆ ಇಪ್ಪತ್ತನಾಲ್ಕನೆಯ ಮೀಟರಿನ ಬಳಿ ನಾಗವೇಣಿ ನಿಂತು, ಅಲ್ಲಿದ್ದ ಗಂಟನ್ನು ಮುಟ್ಟಿದಳು.

“ಇದೇ ಅಪರಾಧ ಇಲ್ಲಿ ಒಮ್ಮೆ ನಡೆದಿದೆ. ಇನ್ನೂರ ನಲವತ್ತು ಕೋಟಿ ವರ್ಷಗಳ ಹಿಂದೆ. ಆಗಲೂ ಬಿಸಿಲು ಕುಡಿದು ಆಮ್ಲಜನಕ ಉಗುಳಿದ್ದು ಇದೇ ಕುಲ. ಸಮುದ್ರದ ಕಬ್ಬಿಣವೆಲ್ಲ ತುಕ್ಕಾಗಿ ತಳಕ್ಕಿಳಿಯಿತು. ಸರ್ ಈಗ ತಾನೇ ಒರೆಸಿ ತೋರಿಸಿದ ಕೆಂಪು ಪಟ್ಟೆ, ನೀವು ಬರುವಾಗ ಕಂಡ ಕೆಂಪು ಬೆಟ್ಟ, ಎಲ್ಲ ಅಂಥ ತುಕ್ಕೇ. ಅಜ್ಜಿಯರು ಕೆಸರಿಗೆ ಓಡಿದರು. ಉಳಿದ ಗಾಳಿಯಲ್ಲಿ, ಬಹಳ ತಡವಾಗಿ, ನಾವು ಬಂದೆವು. ಅದನ್ನ ಕಲ್ಲಿನಲ್ಲಿ ಓದಿದ್ದೆವು. ನಡೆಯುವಾಗ ನೋಡಿದವರು ಯಾರೂ ಇರಲಿಲ್ಲ.”

ಅವರು ಗೋಳದ ಮುಂದೆ ಬಂದಿದ್ದರು. ಒಳಗೆ ಹದಿನೆಂಟು ಗಂಟೆಯ ದಿನದ ನಡುಮಧ್ಯಾಹ್ನ. ತುಕ್ಕು ಪೂರ್ತಿ ತಳ ಸೇರಿ ನೀರು ತಿಳಿಯಾಗಿತ್ತು; ಕೆಂಪು ಹಾಸಿನ ಅಡಿಯಿಂದ ಅಜ್ಜಿಯರ ಗುಳ್ಳೆಗಳು ಆಗೊಂದು ಈಗೊಂದು ಏಳುತ್ತಿದ್ದವು. ಮೇಲೆ ಕಿತ್ತಳೆಯ ಮಬ್ಬು ಹರಿದು, ಗೋಳದ ನೆತ್ತಿಯಲ್ಲಿ ಅಂಗೈಯಗಲದ ನೀಲಿ ಮೂಡಿತ್ತು.

ಲೋಬೋ ಬಹಳ ಹೊತ್ತು ಆ ನೀಲಿಯನ್ನು ನೋಡುತ್ತ ನಿಂತರು. ಉಸಿರನ್ನು ಒಮ್ಮೆ ಒಳಗೆಳೆದುಕೊಂಡು, ಅದರ ರುಚಿ ಈಗಷ್ಟೇ ಗೊತ್ತಾದವರಂತೆ ನಿಧಾನವಾಗಿ ಬಿಟ್ಟರು.

“ಇದನ್ನು ಮುಚ್ಚಲು ನನ್ನ ಕೈ ಬರುವುದಿಲ್ಲ,” ಎಂದರು. “ಆದರೂ ಮೇಲಿನವರಿಗೆ ಹೆಸರೊಂದು ಬೇಕು. ಹೇಳಿ, ಯಾರು?”

“ಪಾಚಿ ಮೇಡಂ,” ಎಂದಳು ನಾಗವೇಣಿ, “ದೋಣಿಯ ನೀಲಿ-ಹಸಿರು ಪಾಚಿ.”